ವಿಮಾನ ಇಳಿಯುವ ಹೊತ್ತಿಗೆ ಹಾಲು ಉಳಿಸಿಕೊಳ್ಳಿ

(ಮಂಗಳೂರಿನಲ್ಲಿ ಎಳೆ ಮಕ್ಕಳ ತಾಯಂದಿರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಬರೆದು ಕೊಡಿ ಅಂತ ಹಲವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳೂ ಇಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಮಕ್ಕಳು ಅತ್ತರೆ ಯಾರೂ ಎದ್ದು ಹೊರಗೆ ಹೋಗಬೇಡಿ. ಅಳಲಿ. ಇವತ್ತಿನ ಮಾತೇ ಅವರದ್ದು.

ಮೊದಲು ಈ ಬಾಟಲಿ ನೋಡಿ. ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಎತ್ತಿ ಹಿಡಿಯುತ್ತೇನೆ. ಅರ್ಧ ಲೀಟರಿನ ಮಾಮೂಲಿ ನೀರಿನ ಬಾಟಲಿ. ದುಬೈಯಿಂದ ಬರುವಾಗ, ವಿಮಾನ ಇನ್ನೂ ಮೇಲೆ ಹಾರುತ್ತಿದ್ದಾಗ ನೀರು ಕುಡಿದು ಮುಗಿಸಿದೆ. ಖಾಲಿ ಬಾಟಲಿಗೆ ಮುಚ್ಚಳ ಬಿಗಿಯಾಗಿ ತಿರುಗಿಸಿ ಚೀಲದಲ್ಲಿಟ್ಟೆ. ಬಜ್ಪೆಯಲ್ಲಿ ಇಳಿದು ತೆಗೆದು ನೋಡಿದರೆ ಹೀಗಾಗಿತ್ತು. ಎರಡೂ ಪಕ್ಕೆ ಒಳಗೆ ಹೋಗಿವೆ. ಯಾರೂ ಹಿಚುಕಿಲ್ಲ. ಅವತ್ತಿನಿಂದ ಮುಚ್ಚಳ ತೆಗೆದಿಲ್ಲ. ಈಗ ತೆಗೆಯುತ್ತೇನೆ, ಕೇಳಿಸಿಕೊಳ್ಳಿ.

'ಪುಸ್' ಅಂತು, ಅಲ್ವಾ? ಹೊರಗಿನ ಗಾಳಿ ಒಳಗೆ ನುಗ್ಗಿತು. ಬಾಟಲಿ ಮತ್ತೆ ನೆಟ್ಟಗಾಯಿತು.

ಮಗುವಿನ ಕಿವಿಯಲ್ಲಿ ಆಗುವುದೂ ಇದೇ. ಬಾಟಲಿಯ ಮುಚ್ಚಳ ನನ್ನ ಕೈಯಲ್ಲಿತ್ತು. ಕಿವಿಯ ಮುಚ್ಚಳ ಮಾತ್ರ ಮಗುವಿನ ಗಂಟಲಲ್ಲಿದೆ. ಅದು ಗುಟುಕು ನುಂಗಿದಾಗ ತೆರೆಯುತ್ತದೆ.

ನಮ್ಮ ಕಡೆ ಈ ವಿಷಯ ಯಾಕೆ ಬೇಕು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಬಾಣಂತನ ಮುಗಿಯುತ್ತದೆ. ಮೂರೋ ನಾಲ್ಕೋ ತಿಂಗಳ ಕೂಸನ್ನು ಎತ್ತಿಕೊಂಡು ದುಬೈಗೋ, ಮಸ್ಕತ್ತಿಗೋ, ಬೆಂಗಳೂರಿಗೋ ಹೊರಡುತ್ತಾಳೆ. ಎಷ್ಟೋ ಸಲ ಒಬ್ಬಳೇ. ಗಂಡ ಆ ಕಡೆ ಏರ್‌ಪೋರ್ಟಿನಲ್ಲಿ ಕಾಯುತ್ತಿರುತ್ತಾನೆ. ನಡುವಿನ ಆ ಕೆಲವು ಗಂಟೆ ಅವಳೊಬ್ಬಳದ್ದು.

ಕಿವಿ ಕಟ್ಟುವುದು ನಮಗೆ ಹೊಸದಲ್ಲ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವಾಗ, ಚಾರ್ಮಾಡಿ ಇಳಿಯುವಾಗ ಎಲ್ಲರಿಗೂ ಆಗಿರುತ್ತದೆ. ಒಂದು ತಿರುವಿನಲ್ಲಿ ಕಿವಿ 'ಗುಂಯ್' ಅನ್ನುತ್ತದೆ. ಎಂಜಲು ನುಂಗುತ್ತೇವೆ, 'ಟಪ್' ಅಂತ ಬಿಡುತ್ತದೆ. ಒಂದು ನೆನಪು ಮಾಡಿಕೊಳ್ಳಿ. ಘಟ್ಟ ಹತ್ತುವಾಗ ಇಷ್ಟು ತೊಂದರೆ ಆಗುತ್ತದಾ? ಇಲ್ಲ. ಇಳಿಯುವಾಗಲೇ ಜಾಸ್ತಿ. ಇವತ್ತು ನಾನು ಹೇಳಲು ಬಂದದ್ದರ ಮುಕ್ಕಾಲು ಪಾಲು ಇದರಲ್ಲೇ ಇದೆ.

ಯಾಕೆ ಹೀಗೆ? ಕಿವಿ ತಮಟೆಯ ಹಿಂದೆ ಒಂದು ಪುಟ್ಟ ಕೋಣೆ ಇದೆ. ಅದರಲ್ಲಿ ಗಾಳಿ ಇರುತ್ತದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ, ಗಂಟಲಿನ ಮೇಲ್ಗಡೆಗೆ, ಒಂದು ಸಣ್ಣ ಕೊಳವೆ ಬರುತ್ತದೆ. 16ನೇ ಶತಮಾನದ ಇಟಲಿಯ ವೈದ್ಯ ಯೂಸ್ಟಾಕಿ ಅದನ್ನು ವಿವರಿಸಿದ್ದರಿಂದ ಯೂಸ್ಟೇಕಿಯನ್ ಕೊಳವೆ ಅಂತ ಹೆಸರು. ಈ ಕೊಳವೆ ಸದಾ ತೆರೆದಿರುವುದಿಲ್ಲ. ಅದರ ಗಂಟಲ ಕಡೆಯ ಭಾಗ ಒದ್ದೆಯಾಗಿ, ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ. ತರಕಾರಿ ಅಂಗಡಿಯಲ್ಲಿ ಹೊಸ ಪ್ಲಾಸ್ಟಿಕ್ ತೊಟ್ಟೆ ಕೊಡುತ್ತಾರಲ್ಲ, ಬಾಯಿ ಅಂಟಿಕೊಂಡಿರುತ್ತದೆ, ಹಾಗೆ. ಒಳಗೆ ಗಾಳಿ ತುಂಬಿದ್ದರೆ ಅಂಟಿದ ಬಾಯಿಯನ್ನು ತಳ್ಳಿಕೊಂಡು ತಾನೇ ಹೊರಗೆ ಬರುತ್ತದೆ. ಹೊರಗಿನಿಂದ ಒಳಗೆ ಕಳಿಸಬೇಕು ಅಂದರೆ ಬೆರಳಿನಿಂದ ತಿಕ್ಕಿ ಬಿಡಿಸಲೇಬೇಕು.

ವಿಮಾನ ಏರುವಾಗ ಸುತ್ತಲಿನ ಒತ್ತಡ ಕಡಿಮೆಯಾಗುತ್ತದೆ. ಕಿವಿಯೊಳಗಿನ ಗಾಳಿ ಹಿಗ್ಗಿ, ತಾನಾಗಿಯೇ ದಾರಿ ಮಾಡಿಕೊಂಡು ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಜಾಸ್ತಿಯಾಗುತ್ತಾ ಹೋಗುತ್ತದೆ. ಒಳಗೆ ಗಾಳಿ ಸಾಲದು. ತಮಟೆ ಈ ಬಾಟಲಿಯ ಪಕ್ಕೆಯ ಹಾಗೆ ಒಳಗೆ ಸೆಳೆದುಕೊಳ್ಳುತ್ತದೆ. ನೋವು ಶುರುವಾಗುವುದು ಆಗ.

ಅಂಟಿದ ಬಾಯಿ ಬಿಡಿಸುವ ಬೆರಳು ಯಾವುದು? ಅಂಗುಳಿನ ಹಿಂಭಾಗದ ಒಂದು ಸ್ನಾಯು. ನುಂಗಿದಾಗ, ಆಕಳಿಸಿದಾಗ ಅದು ಕೊಳವೆಯನ್ನು ಎಳೆದು ತೆರೆಯುತ್ತದೆ. ದೊಡ್ಡವರ ಕೊಳವೆ ಓರೆಯಾಗಿ ಕೆಳಮುಖವಾಗಿದೆ. ಎಳೆ ಮಗುವಿನದ್ದು ನಮ್ಮದರ ಅರ್ಧದಷ್ಟು ಉದ್ದ, ಕಿರಿದು, ಹೆಚ್ಚುಕಡಿಮೆ ಮಲಗಿಕೊಂಡ ಹಾಗಿರುತ್ತದೆ. ಅದನ್ನು ತೆರೆಯುವ ಸ್ನಾಯುವಿಗೂ ಇನ್ನೂ ಪೂರ್ತಿ ಕಸುವು ಬಂದಿರುವುದಿಲ್ಲ. ಕಿವಿ ಕಟ್ಟಿದರೆ ನುಂಗಬೇಕು ಅಂತ ಮಗುವಿಗೆ ಗೊತ್ತೂ ಇಲ್ಲ. ನಾವೇ ನುಂಗಿಸಬೇಕು.

ಇನ್ನೊಂದು ಮುಖ್ಯ ವಿಷಯ. ಒಳಗೂ ಹೊರಗೂ ವ್ಯತ್ಯಾಸ ತುಂಬಾ ಆಗಿಬಿಟ್ಟರೆ ಆ ಸ್ನಾಯುವಿನ ಕೈಲೂ ಆಗುವುದಿಲ್ಲ. ಬಾಯಿ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಗು ಕಿರುಚಲು ಶುರು ಮಾಡಿದ ಮೇಲೆ ಹಾಲು ಕೊಡಲು ಹೋದರೆ ಎಷ್ಟೋ ಸಲ ಫಲ ಸಿಗದೇ ಇರುವುದು ಇದಕ್ಕೇ. ನೋವಿಗೆ ಮೊದಲೇ ಶುರು ಮಾಡಬೇಕು.

ಎತ್ತರದ ಲೆಕ್ಕವನ್ನೂ ಸ್ವಲ್ಪ ನೋಡೋಣ. ವಿಮಾನ 35,000 ಅಡಿಯಲ್ಲಿ ಹಾರುತ್ತಿದ್ದರೂ ಒಳಗೆ ಗಾಳಿ ತುಂಬಿ, 6,000ದಿಂದ 8,000 ಅಡಿಯ ಬೆಟ್ಟದ ಮೇಲೆ ಇರುವಷ್ಟು ಒತ್ತಡ ಇಟ್ಟಿರುತ್ತಾರೆ. ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಅಂದರೆ ಮಗು ಮುಳ್ಳಯ್ಯನಗಿರಿಯ ತುದಿಯಲ್ಲೋ, ಅದಕ್ಕಿಂತ ಮೇಲೋ ಕೂತ ಹಾಗೆ. ಅಲ್ಲಿಂದ ಕರಾವಳಿಗೆ ನಾವು ಕಾರಿನಲ್ಲಿ ಬರಲು ಅರ್ಧ ದಿನ ಬೇಕು. ವಿಮಾನ ಸುಮಾರು ಅರ್ಧ ಗಂಟೆಯಲ್ಲಿ ಇಳಿಸಿಬಿಡುತ್ತದೆ.

ಇಳಿಯುವ ಊರು ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿ ಇಳಿಯುವಾಗ ಕಿವಿ ಹೊರಬೇಕಾದ ಬದಲಾವಣೆ ಅಷ್ಟರಮಟ್ಟಿಗೆ ಕಡಿಮೆ. ನಮ್ಮ ಬಜ್ಪೆ ಗುಡ್ಡದ ಮೇಲಿದೆ ನಿಜ, ಆದರೆ ಆ ಗುಡ್ಡ ಮುನ್ನೂರು ಚಿಲ್ಲರೆ ಅಡಿ ಅಷ್ಟೇ. ದುಬೈ, ಮುಂಬೈ ಸಮುದ್ರದ ಪಕ್ಕದಲ್ಲೇ ಇವೆ. 'ಬೆಂಗಳೂರಿಗೆ ಹೋದಾಗ ಮಗು ಅಳಲಿಲ್ಲ, ಊರಿಗೆ ಬರುವಾಗ ಅತ್ತಿತು' ಅಂತ ಹೇಳುವ ತಾಯಂದಿರಿದ್ದಾರೆ. ಅವರು ಹೇಳುವುದರಲ್ಲಿ ಅರ್ಥ ಇದೆ.

ಈಗ ನನ್ನ ಮಗಳ ವಿಷಯ. ಅವಳಿಗೆ ಆಗ 5 ತಿಂಗಳು. ಬೆಂಗಳೂರಿನಿಂದ ಮುಂಬೈಗೆ ಹೊರಟಿದ್ದೆವು. ನಾನು ಅಷ್ಟರಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯೆಯಾಗಿ ಎರಡು ವರ್ಷ ಆಗಿತ್ತು. ಏರುವಾಗ ಅಳಬಾರದು ಅಂತ, ವಿಮಾನ ಓಡಲು ಶುರು ಮಾಡುವ ಮೊದಲೇ ಎದೆಗೆ ಹಾಕಿಕೊಂಡೆ. ಹೊಟ್ಟೆ ತುಂಬಾ ಕುಡಿದಳು. ಮೋಡ ದಾಟುವಷ್ಟರಲ್ಲಿ ನಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು 'ಎಷ್ಟು ಒಳ್ಳೆ ಮಗು' ಅಂದರು. ನಾನೂ ಕಣ್ಣು ಮುಚ್ಚಿದೆ.

ಇಳಿಯುವಾಗ ಎದ್ದಳು. ಮೊದಲು ತಲೆ ಆ ಕಡೆ ಈ ಕಡೆ ಆಡಿಸಿದಳು. ಆಮೇಲೆ ಕಿರುಚಿದಳು. ನಾನು ಹಿಂದೆಂದೂ ಕೇಳದ ಕಿರುಚು ಅದು. ಮುಖ ಕೆಂಪಾಯಿತು, ಮುಷ್ಟಿ ಬಿಗಿಯಾಯಿತು, ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿತು. ಎದೆಗೆ ಹಾಕಿಕೊಂಡರೆ ಬಾಯಿಗೇ ತೆಗೆದುಕೊಳ್ಳಲಿಲ್ಲ. ಹಸಿವೆಯೇ ಇರಲಿಲ್ಲವಲ್ಲ! ಗಾಲಿ ನೆಲಕ್ಕೆ ತಾಗಿ, ಬಾಗಿಲು ತೆರೆಯುವ ಹೊತ್ತಿಗೆ ಬಿಕ್ಕುತ್ತಾ ಸುಮ್ಮನಾದಳು. ನನ್ನ ಹೆಗಲು ಅವಳ ಕಣ್ಣೀರಿನಲ್ಲಿ ಒದ್ದೆ. ಇದ್ದ ಹಾಲನ್ನೆಲ್ಲ ಬೇಡದ ಹೊತ್ತಿನಲ್ಲಿ ಕೊಟ್ಟು ಮುಗಿಸಿದ್ದೆ. ಅವತ್ತು ಗೊತ್ತಾದದ್ದನ್ನು ಆಮೇಲೆ ಕೇಳಲು ಬಂದ ಪ್ರತಿಯೊಬ್ಬ ತಾಯಿಗೂ ಹೇಳುತ್ತಾ ಬಂದಿದ್ದೇನೆ.

ಹಾಗಾದರೆ ಹೇಗೆ ಮಾಡಬೇಕು?

ಏರುವಾಗ ಮಗು ಆಟವಾಡುತ್ತಿದ್ದರೆ, ಮಲಗಿದ್ದರೆ, ಸುಮ್ನೆ ಬಿಡಿ. ಕಿರಿಕಿರಿ ಮಾಡಿದರೆ ಸ್ವಲ್ಪ ಚೀಪಲು ಕೊಡಿ, ಸಾಕು. ಬಾಟಲಿ ಹಾಲಿನವರು ಒಂದು ನೋಡಿಕೊಳ್ಳಿ. ಕೆಳಗೆ ಮುಚ್ಚಿದ ಬಾಟಲಿ ಮೇಲೆ ಹೋದಾಗ ಒಳಗಿನ ಗಾಳಿ ಹಿಗ್ಗಿ, ನಿಪ್ಪಲ್ಲಿನಿಂದ ಹಾಲು ಚಿಮ್ಮುತ್ತದೆ. ಮೊದಲು ಮುಚ್ಚಳ ಮೆಲ್ಲಗೆ ಸಡಿಲ ಮಾಡಿ, ಗಾಳಿ ಬಿಟ್ಟು, ಆಮೇಲೆ ಬಾಯಿಗೆ ಕೊಡಿ.

ಇಳಿಯಲು ಶುರುವಾಗುವುದು ನಮಗೆ ಬೇಗ ಗೊತ್ತಾಗುವುದಿಲ್ಲ. 'ಲ್ಯಾಂಡಿಂಗ್‌ಗೆ ಸಿದ್ಧರಾಗಿ' ಅಂತ ಕೇಳಿಸುವ ಹೊತ್ತಿಗೆ ಎಷ್ಟೋ ಸಲ ಅರ್ಧ ಇಳಿದಾಗಿರುತ್ತದೆ. ಅದಕ್ಕೆ ಹತ್ತುವಾಗಲೇ ಗಗನಸಖಿಗೆ ಹೇಳಿಡಿ: 'ಇಳಿಯೋಕೆ ಶುರು ಮಾಡುವಾಗ ನನಗೊಂದು ಮಾತು ಹೇಳಿ, ಮಗುವಿಗೆ ಹಾಲು ಕೊಡಬೇಕು.' ಬಹಳ ಮಂದಿ ಪ್ರೀತಿಯಿಂದ ಹೇಳುತ್ತಾರೆ. ನೀವೂ ಗಮನಿಸಬಹುದು. ಎಂಜಿನ್ನಿನ ಸದ್ದು ಇದ್ದಕ್ಕಿದ್ದ ಹಾಗೆ ತಗ್ಗುತ್ತದೆ. ಮೂತಿ ಸ್ವಲ್ಪ ಕೆಳಗಾದ ಹಾಗೆ ಅನಿಸುತ್ತದೆ. ನಿಮ್ಮ ಕಿವಿಯೇ ಮೊದಲ ಸಲ ಕಟ್ಟಿತು ಅಂದರೆ ಇನ್ನು ಕಾಯಬೇಡಿ.

ಈಗ ಕಷ್ಟದ ಭಾಗ. ಇಳಿಯಲು ಸುಮಾರು ಅರ್ಧ ಗಂಟೆ. ಮಗು ಎದೆ ಹಾಲು ಕುಡಿಯುವುದು ಎಷ್ಟೋ ಸಲ ಹತ್ತೇ ನಿಮಿಷ. ಹೊಟ್ಟೆ ತುಂಬಿತು, ಕಣ್ಣು ಮುಚ್ಚಿತು. ಉಳಿದ ಇಪ್ಪತ್ತು ನಿಮಿಷಕ್ಕೆ ಏನು? ಅದಕ್ಕೆ ಹಾಲನ್ನು ಹಂಚಿಕೊಳ್ಳಬೇಕು. ಒಂದು ಕಡೆ ಕೊಡಿ. ಐದು ನಿಮಿಷ ಆದ ಮೇಲೆ ಬಿಡಿಸಿ, ಹೆಗಲಿಗೆ ಹಾಕಿ ತೇಗು ಬರಿಸಿ. ಮತ್ತೆ ಕೊಡಿ. ನಡುವೆ ನಿಮ್ಮ ತೊಳೆದ ಕಿರುಬೆರಳನ್ನೋ, ಹಾಲಿಲ್ಲದ ಬರೀ ನಿಪ್ಪಲ್ (ಪ್ಯಾಸಿಫೈಯರ್) ಅಭ್ಯಾಸ ಇದ್ದರೆ ಅದನ್ನೋ ಚೀಪಲು ಕೊಡಬಹುದು. ಇನ್ನೊಂದು ಕಡೆಯ ಹಾಲನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ. ನೆಲ ಹತ್ತಿರ ಬಂದಷ್ಟೂ ಪ್ರತಿ ಸಾವಿರ ಅಡಿಗೆ ಒತ್ತಡ ಜಾಸ್ತಿ ಬದಲಾಗುತ್ತದೆ. ಕೊನೆಯ ಗುಟುಕುಗಳಿಗೆ ಬೆಲೆ ಇದೆ. ಬಾಟಲಿಯಾದರೆ ನಿಧಾನವಾಗಿ ಹರಿಯುವ, ಸಣ್ಣ ತೂತಿನ ನಿಪ್ಪಲ್ ಹಾಕಿ.

ಇದಾಗಬೇಕಾದರೆ ಮಗುವಿಗೆ ಸ್ವಲ್ಪ ಹಸಿವೆ ಇರಬೇಕು. ಇಳಿಯುವ ಸಮಯ ನೋಡಿಕೊಂಡು ಅದರ ಹಿಂದಿನ ಹಾಲನ್ನು ಒಂದೂವರೆ, ಎರಡು ಗಂಟೆ ಮೊದಲೇ ಮುಗಿಸಿ. ಉಪವಾಸ ಕೆಡವಿ ಅಂತ ನಾನು ಹೇಳುತ್ತಿಲ್ಲ. ಅಳುವ ಮಗುವಿನಿಂದ ಹಾಲು ತಡೆಹಿಡಿಯಬೇಡಿ. ಕೇಳಿದರೆ ಸ್ವಲ್ಪ ಕೊಡಿ, ಅಷ್ಟೇ.

ತಲೆ ಎತ್ತರದಲ್ಲಿರಲಿ. ಮಟ್ಟಸ ಮಲಗಿಸಿ ಬಾಟಲಿ ಕೊಡಬೇಡಿ. ಮಗುವಿನ ಬೆಲ್ಟ್ ಹಾಕಿಕೊಂಡೇ ಎದೆಗೆ ಹಾಕಿಕೊಳ್ಳಬಹುದು. ಕಿಟಕಿ ಪಕ್ಕದ ಸೀಟು, ಮೇಲೊಂದು ವೇಲು, ಇಷ್ಟಿದ್ದರೆ ಆರಾಮ. ಯಾರಾದರೂ ದುರುಗುಟ್ಟಿ ನೋಡಿದರೆ ನೋಡಲಿ. ನೀವು ಮಗುವಿನ ನೋವು ತಪ್ಪಿಸುತ್ತಿದ್ದೀರಿ.

ಮಲಗಿರುವ ಮಗುವನ್ನು ಎಬ್ಬಿಸಬೇಕಾ? ನಿದ್ದೆಯಲ್ಲಿ ನುಂಗುವುದು ಕಡಿಮೆ. ನಾನಾದರೆ ಇಳಿಯಲು ಶುರುವಾದಾಗ ಎತ್ತಿಕೊಂಡು, ತುಟಿಗೆ ತಾಗಿಸುತ್ತೇನೆ. ಅರೆನಿದ್ದೆಯಲ್ಲೇ ಚೀಪುವ ಮಕ್ಕಳು ಎಷ್ಟೋ. ನೆಗಡಿ ಇರುವ ಮಗುವಾದರೆ ಎಬ್ಬಿಸಿಬಿಡಿ.

6 ತಿಂಗಳು ದಾಟಿದ ಮಗುವಿಗೆ ನೀರು, ಗಂಜಿ ಆಗಬಹುದು. ಒಳಲೆಯಲ್ಲಿ ಹಾಕುವವರು ಮಗು ಅಳುತ್ತಿರುವಾಗ ಹಾಕಬೇಡಿ, ನೆತ್ತಿಗೆ ಹತ್ತುತ್ತದೆ. ಒಂದು ವರ್ಷದ ಒಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಿಂದ ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಹಿಂದೆ ನಮ್ಮ ದೇಶದ ವಿಮಾನಗಳಲ್ಲಿ ತಟ್ಟೆಯಲ್ಲಿ ಪೆಪ್ಪರ್‌ಮಿಂಟು, ಹತ್ತಿ ಹಿಡಿದುಕೊಂಡು ಬರುತ್ತಿದ್ದರು, ಹಿರಿಯರಿಗೆ ನೆನಪಿರಬಹುದು. ದೊಡ್ಡವರಿಗೆ ಪೆಪ್ಪರ್‌ಮಿಂಟು ಸರಿ, ಚೀಪುತ್ತಾ ನುಂಗುತ್ತಿರುತ್ತಾರೆ. ಪುಟ್ಟ ಮಕ್ಕಳಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 4 ವರ್ಷದ ತನಕ ಗಟ್ಟಿ ಮಿಠಾಯಿ ದೂರ ಇರಲಿ.

ಇನ್ನು ಹತ್ತಿ, ಕುಲಾವಿ, ಎಣ್ಣೆ. ಅಜ್ಜಿಯಂದಿರು ಬೇಸರ ಮಾಡಿಕೊಳ್ಳಬೇಡಿ. ಕುಲಾವಿ ಕಟ್ಟಿ, ವಿಮಾನದ ಎ.ಸಿ.ಗೆ ಬೆಚ್ಚಗಿರುತ್ತದೆ. ಆದರೆ ಗಾಳಿ ಸಾಲದೇ ಇರುವುದು ತಮಟೆಯ ಆಚೆ. ಹೊರಗಿನಿಂದ ಹತ್ತಿ ಇಟ್ಟರೆ ಅಲ್ಲಿಗೆ ಏನೂ ತಲುಪುವುದಿಲ್ಲ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯಂತೂ ಬೇಡವೇ ಬೇಡ. ಎಳೆ ಕಿವಿಯ ಚರ್ಮ ಸುಟ್ಟು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಬಿಸಿ ನೀರಲ್ಲಿ ಅದ್ದಿದ ಬಟ್ಟೆಯನ್ನು ಲೋಟದಲ್ಲಿಟ್ಟು ಕಿವಿಗೆ ಕವುಚುವುದನ್ನು ಕೆಲವರು ಹೇಳಿಕೊಡುತ್ತಾರೆ. ಒಂದು ಹನಿ ಬಿಸಿ ನೀರು ಸೋರಿದರೂ ಸಾಕು. ಮಗುವಿಗೆ ಮಾಡಬೇಡಿ.

ಮೂಗು ಹಿಡಿದು ಊದುವ ಉಪಾಯವನ್ನು ಇಟಲಿಯ ವಾಲ್ಸಾಲ್ವಾ 1704ರಲ್ಲೇ ಬರೆದಿಟ್ಟಿದ್ದಾನೆ. ಹೇಳಿದ ಹಾಗೆ ಮಾಡಬಲ್ಲ ದೊಡ್ಡ ಮಕ್ಕಳಿಗೆ ಅದು ಆಗುತ್ತದೆ. ಎಳೆ ಕೂಸಿನ ಮೂಗು ಒತ್ತಿ ಹಿಡಿಯುವುದು ಮಾತ್ರ ಖಂಡಿತ ಬೇಡ.

ನೆಗಡಿ ಇದ್ದರೆ ಕೊಳವೆಯ ಬಾಯಿ ಊದಿಕೊಂಡಿರುತ್ತದೆ. ಹೊರಡುವ ಮುಂಚೆ ಮಕ್ಕಳ ವೈದ್ಯರಿಗೆ ತೋರಿಸಿ. ಮೂಗು ಪೂರ್ತಿ ಕಟ್ಟಿ, ಜ್ವರ ಇದ್ದು, ಎರಡು ದಿನ ಮುಂದೆ ಹಾಕಲು ಆಗುತ್ತದೆ ಅಂದರೆ ಮುಂದೆ ಹಾಕಿ. ಹೋಗಲೇಬೇಕಾದರೆ ಉಪ್ಪುನೀರಿನ ಮೂಗಿನ ಡ್ರಾಪ್ಸ್ ಇಟ್ಟುಕೊಳ್ಳಿ. ಔಷಧಿ ಅಂಗಡಿಯಲ್ಲಿ ಸಲೈನ್ ಡ್ರಾಪ್ಸ್ ಅಂದರೆ ಕೊಡುತ್ತಾರೆ. ಇಳಿಯುವುದಕ್ಕೆ ಮೊದಲು ಎರಡೂ ಮೂಗಿಗೆ ಹಾಕಿ, ಸಿಂಬಳ ತೆಗೆದು, ಆಮೇಲೆ ಹಾಲು ಕೊಡಿ. ಮೂಗು ಕಟ್ಟಿದ ಮಗು ಚೀಪಲಾರದು.

ನೆಗಡಿಯ ಸಿರಪ್ ಹಾಕಿ ಮಲಗಿಸಿಬಿಡೋಣ ಅನ್ನುವವರಿಗೆ ಒಂದು ಮಾತು. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್ ಕೊಟ್ಟು ನೋಡಿದರು. ಕಿವಿ ನೋವು ಕಡಿಮೆಯಾಗಲಿಲ್ಲ, ಮಕ್ಕಳಿಗೆ ಮಂಪರು ಬಂತು. ಮಂಪರಿನಲ್ಲಿರುವ ಮಗು ನುಂಗುವುದೂ ಕಡಿಮೆ. ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ನೆಗಡಿ ಔಷಧಿಯನ್ನು 4 ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ಲಿನಲ್ಲೇ ಬರೆಯಬೇಕು ಅಂದರು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 2 ವರ್ಷದ ಒಳಗಿನವರಿಗೆ ಕೆಮ್ಮು, ನೆಗಡಿಯ ಸಿರಪ್ ಬರೆಯಬೇಡಿ ಅಂತ ವೈದ್ಯರಿಗೇ ಹೇಳಿತು. ಮನೆಯಲ್ಲಿ ಅಣ್ಣನಿಗೋ ಅಕ್ಕನಿಗೋ ತಂದಿಟ್ಟ ಬಾಟಲಿ ಕೂಸಿಗೆ ಬೇಡ.

ಪ್ಯಾರಾಸಿಟಮಾಲ್ ವಿಷಯ ಬೇರೆ. ಕಿವಿ ಸೋಂಕು ಇರುವ ಮಗುವಿಗೆ ವೈದ್ಯರು ಅದನ್ನು ಹೇಳಬಹುದು. ಆದರೆ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸಿನಲ್ಲಿ ಒಂದೇ ಎಂ.ಎಲ್.ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಎಂ.ಎಲ್.ಗೆ 120 ಅಥವಾ 125, ಕೆಲವದರಲ್ಲಿ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಎರಡರಿಂದ ನಾಲ್ಕು ಪಟ್ಟು ಆಗಿಬಿಡುತ್ತದೆ. ಮಗುವಿನ ತೂಕ ನೋಡಿ ವೈದ್ಯರು ಬರೆದ ಅಳತೆ, ಅವರು ಬರೆದದ್ದೇ ಬಾಟಲಿ.

ಸೀಳು ಅಂಗುಳಿನ ಮಕ್ಕಳಿಗೆ ಕೊಳವೆ ತೆರೆಯುವ ಸ್ನಾಯುವಿನದ್ದೇ ತೊಂದರೆ. ಅವರ ವೈದ್ಯರನ್ನು ಮೊದಲೇ ಕೇಳಿ. ಕಿವಿ ತಮಟೆಗೆ ಗ್ರೊಮೆಟ್ ಅನ್ನುವ ಪುಟ್ಟ ನಳಿಕೆ ಹಾಕಿದ ಮಕ್ಕಳ ಬಗ್ಗೆ ಹೆದರುವುದು ಬೇಡ. ತಮಟೆಯಲ್ಲೇ ಗಾಳಿಗೆ ದಾರಿ ಇರುವುದರಿಂದ ಅವರಿಗೆ ವಿಮಾನ ಸುಲಭ.

ಇಷ್ಟೆಲ್ಲ ಮಾಡಿದರೂ ಮಗು ಅಳಬಹುದು. ಆಗ ಅದನ್ನು ನೆಟ್ಟಗೆ ಎದೆಗೆ ಒತ್ತಿಕೊಳ್ಳಿ, ಬೆನ್ನು ಸವರಿ. ಅಳುವಾಗ ಮಗು ಬಾಯಿ ಅಗಲ ತೆರೆಯುತ್ತದೆ, ನಡುನಡುವೆ ನುಂಗುತ್ತದೆ. ಅದರಿಂದಲೂ ಕಿವಿ ಬಿಡಬಹುದು. ನೀವು ಏನೋ ತಪ್ಪು ಮಾಡಿದಿರಿ ಅಂತ ಅಲ್ಲ.

ಇಳಿದ ಮೇಲೆ ಹೆಚ್ಚಿನ ಮಕ್ಕಳು ಬೇಗ ಸರಿಹೋಗುತ್ತಾರೆ. ಗಂಟೆಗಟ್ಟಲೆ ಅಳು ನಿಲ್ಲದಿದ್ದರೆ, ಜ್ವರ ಬಂದರೆ, ಕಿವಿಯಿಂದ ನೀರೋ ರಕ್ತವೋ ಸೋರಿದರೆ ಅವತ್ತೇ ತೋರಿಸಿ. ಅಲ್ಲಿಯ ತನಕ ಕಿವಿಗೆ ಯಾವ ಹನಿಯೂ ಬೇಡ.

ಇನ್ನು ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: 'ಮೇಡಂ, ಅವಳಿ ಮಕ್ಕಳು. ಒಬ್ಬಳೇ ಹೋಗಬೇಕು. ಇಬ್ಬರಿಗೂ ಒಟ್ಟಿಗೆ ಹೇಗೆ?' ಅವರ ಟಿಕೆಟ್ಟಿನಲ್ಲಿ ಮೊದಲು ನೋಡಬೇಕಾದದ್ದು ಒಬ್ಬ ದೊಡ್ಡವರ ಮಡಿಲಿಗೆ ಒಂದೇ ಮಗು ಅನ್ನುವ ನಿಯಮ. ಸಾಮಾನ್ಯವಾಗಿ ಇನ್ನೊಬ್ಬರು ಜೊತೆಗೆ ಬೇಕಾಗುತ್ತದೆ. ಹಾಗಾದಾಗ ಒಂದು ಎದೆಗೆ, ಇನ್ನೊಂದು ಬಾಟಲಿಗೆ, ನಡುವೆ ಅದಲುಬದಲು. ಹಿಂಡಿ ತೆಗೆದ ಹಾಲನ್ನು ಒಯ್ಯಬಹುದು. ಸೆಕ್ಯುರಿಟಿಯಲ್ಲಿ ಇದು ಮಗುವಿನ ಹಾಲು ಅಂತ ಮೊದಲೇ ಬೇರೆ ಇಟ್ಟು ತೋರಿಸಿ.

ಒಬ್ಬ ಯುವಕ, ಬಹುಶಃ ಅಪ್ಪ, ಹಿಂದಿನಿಂದ ಕೇಳಿದರು: 'ನಾನೇನು ಮಾಡಬಹುದು?' ತುಂಬಾ ಒಳ್ಳೆಯ ಪ್ರಶ್ನೆ. ಗಡಿಯಾರ ನೀವು ನೋಡಿಕೊಳ್ಳಿ. ಇಳಿಯುವ ಸಮಯ, ಹಿಂದಿನ ಹಾಲಿನ ಸಮಯ, ಎರಡೂ ನಿಮ್ಮ ತಲೆಯಲ್ಲಿರಲಿ. ಗಗನಸಖಿಯನ್ನು ಕರೆಯುವುದು, ಬಾಟಲಿಯ ಗಾಳಿ ಬಿಡುವುದು, ತೇಗು ಬರಿಸುವುದು ನೀವು ಮಾಡಿ. ಪಕ್ಕದವರು ಗೊಣಗಿದರೆ ಉತ್ತರ ಕೊಡುವ ಕೆಲಸವೂ ನಿಮ್ಮದೇ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೇಳಿದರು: 'ನಮ್ಮದು ವಿಮಾನ ಅಲ್ಲ ಡಾಕ್ಟ್ರೇ. ಮೊಮ್ಮಗುವನ್ನು ಮಡಿಕೇರಿಯಿಂದ ಕಾರಲ್ಲಿ ಕರೆದುಕೊಂಡು ಬರೋದು. ಘಟ್ಟ ಇಳಿಯುವಾಗಲೂ ಹೀಗೇನಾ?' ಹೌದಮ್ಮ, ಇದೇ ರೀತಿ. ಮಡಿಕೇರಿಯಲ್ಲಿ ಹೊಟ್ಟೆ ತುಂಬಾ ಕುಡಿಸಿ ಹೊರಡಬೇಡಿ. ಒಂದೇ ವ್ಯತ್ಯಾಸ, ಕಾರು ಓಡುತ್ತಿರುವಾಗ ಆ ತಿರುವುಗಳಲ್ಲಿ ಮಗುವನ್ನು ಸೀಟಿನಿಂದ ಬಿಚ್ಚಿ ಎತ್ತಿಕೊಳ್ಳಬೇಡಿ. ವಿಮಾನವನ್ನು ನಿಲ್ಲಿಸಲು ಆಗುವುದಿಲ್ಲ, ಕಾರನ್ನು ನಿಲ್ಲಿಸಬಹುದು. ಅಗಲ ಇರುವ ಜಾಗ ನೋಡಿ ಬದಿಗೆ ಹಾಕಿಸಿ. ಹತ್ತು ನಿಮಿಷ ಹಾಲು ಕುಡಿಯಲಿ. ಆಮೇಲೆ ಹೊರಡಿ. ಸಂಪಾಜೆ ಬರುವಷ್ಟರಲ್ಲಿ ಇನ್ನೊಂದು ಸಲ ನಿಲ್ಲಿಸಿ.